ಡಿಸ್ಕೋ ಕಾಲದಲ್ಲಿ ಬೋನಿ ಎಂ ತಂಡ ಅಷ್ಟು ಬೇಗ ಹೇಗೆ ಹೆಸರು ಮಾಡಿತು?

ಮೊದಲು ಹುಟ್ಟಿದ್ದು ಹಾಡು, ತಂಡ ಆಮೇಲೆ. 1975ರಲ್ಲಿ ಜರ್ಮನಿಯ ನಿರ್ಮಾಪಕ ಫ್ರಾಂಕ್ ಫೇರಿಯನ್ ತಾವೇ ಹಾಡಿ, ಬೋನಿ ಎಂ ಅನ್ನೋ ಹೆಸರಲ್ಲಿ ಒಂದು ರೆಕಾರ್ಡ್ ಬಿಟ್ಟರು. ಅದು ಓಡಿತು, ಟಿವಿಯಲ್ಲಿ ಕುಣಿಯೋಕೆ ಜನ ಬೇಕಾದರು. ಹಾಗೆ ಸೇರಿದವರು ಕೆರಿಬಿಯನ್ ಮೂಲದ ಲಿಜ್ ಮಿಚೆಲ್, ಮಾರ್ಸಿಯಾ ಬ್ಯಾರೆಟ್, ಮೇಜಿ ವಿಲಿಯಮ್ಸ್, ಬಾಬಿ ಫ್ಯಾರೆಲ್. ರೆಕಾರ್ಡಿನಲ್ಲಿ ಕೇಳೋ ಆ ದಪ್ಪ ಗಂಡು ದನಿ ಬಾಬಿಯದಲ್ಲ, ಫೇರಿಯನ್ ಅವರದೇ. ಆದರೆ ಬಾಬಿ ವೇದಿಕೆ ಮೇಲೆ ಕುಣಿಯೋಕೆ ನಿಂತರೆ ಬೇರೆ ಕಡೆ ಕಣ್ಣೇ ಹೋಗುತ್ತಿರಲಿಲ್ಲ. ನನಗಂತೂ ಲಿಜ್ ದನಿಯೇ ಈ ತಂಡದ ಜೀವ. 1976ರ 'ಡ್ಯಾಡಿ ಕೂಲ್' ಜರ್ಮನಿಯಲ್ಲಿ ಮೊದಲ ಸ್ಥಾನಕ್ಕೇರಿತು, 1978ರಲ್ಲಿ 'ರಿವರ್ಸ್ ಆಫ್ ಬ್ಯಾಬಿಲಾನ್' ಬ್ರಿಟನ್ನಿನಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ಮಾಸ್ಕೋದಲ್ಲೂ ಹಾಡಿದರು. ಶೀತಲ ಸಮರದ ಕಾಲದಲ್ಲಿ ಅದು ಸಣ್ಣ ವಿಷಯವಲ್ಲ, ಅಲ್ವಾ?