ಬರ್ನ್ಸ್‌ಗೆ ಗುಂಡು ಹೊಡೆದದ್ದು ಯಾರು: ಕೊನೆಯಲ್ಲಿ ನಮಗೆ ಟೋಪಿ ಹಾಕಿದರಾ?

ಅಮೆರಿಕದ ಕಾರ್ಟೂನ್ ಧಾರಾವಾಹಿ ‘ದಿ ಸಿಂಪ್ಸನ್ಸ್’ನ ‘ಹೂ ಶಾಟ್ ಮಿಸ್ಟರ್ ಬರ್ನ್ಸ್?’ (ಬರ್ನ್ಸ್ ಅಂದರೆ ಅಲ್ಲಿನ ಕರೆಂಟ್ ಸ್ಥಾವರದ ಸಾಹುಕಾರ) ಎರಡೂ ಭಾಗ ನೋಡಿದೆ, ಕೊನೆಗೆ ಒಂದು ಹಸುಗೂಸು ಗುಂಡು ಹೊಡೆದದ್ದು ಅಂದಾಗ ಮೋಸ ಅನಿಸಿತು, ನಿಜವಾಗಿ ಸುಳಿವು ಇತ್ತಾ ಅಂತ ಕೇಳಿದ್ದೀರಿ. ಇತ್ತು. ಕಣ್ಣೆದುರೇ ಇತ್ತು. ಇನ್ನೂ ನೋಡದವರಿಗೆ ಗುಟ್ಟು ನಿಮ್ಮ ಪ್ರಶ್ನೆಯಲ್ಲೇ ಒಡೆದುಹೋಗಿದೆ, ಹಾಗಾಗಿ ನಾನೂ ಮುಚ್ಚಿಡುವುದಿಲ್ಲ.

ನಾನು ನೋಡಿದ್ದು ಅಕ್ಕನ ಮಗನ ಜೊತೆ. ಮೊದಲ ಭಾಗ ಮುಗಿದ ತಕ್ಷಣ ಅವನು ನಿಲ್ಲಿಸಿ, ‘ಮಾಮ, ಯಾರು ಅಂತ ಈಗಲೇ ಹೇಳಬೇಕು, ಮಸಾಲೆ ದೋಸೆ ಬೆಟ್ಟು’ ಅಂದ. ನಾನು ಬರ್ನ್ಸ್‌ನ ಸಹಾಯಕ ಸ್ಮಿದರ್ಸ್ ಅಂದೆ. ಅವನು ಸಿಂಪ್ಸನ್ ಮನೆಯ ಅಪ್ಪ, ಬರ್ನ್ಸ್ ಕೈಕೆಳಗೆ ಕೆಲಸ ಮಾಡುವ ಹೋಮರ್ ಅಂದ. ಇಬ್ಬರೂ ಸೋತೆವು.

ನಾವಾದರೂ ಐದು ನಿಮಿಷ ಕಾದೆವು. ಅಮೆರಿಕದಲ್ಲಿ ಮೊದಲ ಭಾಗ ಬಂದದ್ದು 1995ರ ಮೇ 21ಕ್ಕೆ, ಆರನೇ ಸೀಸನ್ನಿನ ಕೊನೆಯ ಎಪಿಸೋಡ್ ಆಗಿ. ಎರಡನೆಯದು ಸೆಪ್ಟೆಂಬರ್ 17ಕ್ಕೆ. ನಡುವಿನ ನಾಲ್ಕು ತಿಂಗಳು ಜನಕ್ಕೆ ಇದೇ ಮಾತು. ಇದು 1980ರ ‘ಡಲ್ಲಾಸ್’ ಧಾರಾವಾಹಿಯ ಅಣಕ. ಅಲ್ಲಿ ಜೆ.ಆರ್. ಅನ್ನುವ ಪಾತ್ರಕ್ಕೆ ಮಾರ್ಚ್‌ನಲ್ಲಿ ಗುಂಡು ಬಿತ್ತು, ಹೊಡೆದವರು ಯಾರು ಅಂತ ಹೇಳಿದ್ದು ನವೆಂಬರ್‌ನಲ್ಲಿ. ಸಿಂಪ್ಸನ್ಸ್‌ನವರು ಊಹೆಯ ಸ್ಪರ್ಧೆಯನ್ನೂ ಇಟ್ಟಿದ್ದರು, ಗೆದ್ದವರ ಚಿತ್ರ ಕಾರ್ಟೂನಿನಲ್ಲಿ ಬರುತ್ತದೆ ಅಂತ. ತಮಾಷೆ ಅಂದರೆ ಆರಿಸಿ ತೆಗೆದ ಉತ್ತರಗಳಲ್ಲಿ ಸರಿಯಾದದ್ದು ಒಂದೂ ಇರಲಿಲ್ಲವಂತೆ. ತಪ್ಪು ಉತ್ತರ ಬರೆದವರಿಗೇ ಬಹುಮಾನ ಹೋಯಿತು, ಅವರೂ ಚಿತ್ರ ಬೇಡ ದುಡ್ಡು ಕೊಡಿ ಅಂದರು. ಅಂದರೆ ಟೋಪಿ ಬಿದ್ದದ್ದು ನಿಮಗೊಬ್ಬರಿಗೇ ಅಲ್ಲ.

ಈಗ ಸುಳಿವಿನ ವಿಷಯ. ಮೊದಲ ಭಾಗದಲ್ಲಿ ಬರ್ನ್ಸ್ ಊರಿನ ಎಲ್ಲರ ಹೊಟ್ಟೆ ಉರಿಸುತ್ತಾನೆ. ಶಾಲೆಯ ನೆಲದಡಿ ಸಿಕ್ಕ ಕಚ್ಚಾ ಎಣ್ಣೆಯನ್ನು ಪಕ್ಕದಿಂದ ಓರೆಯಾಗಿ ಕೊರೆದು ತಾನು ಎತ್ತಿಕೊಳ್ಳುತ್ತಾನೆ. ಅದರಿಂದ ಶಾಲೆಯ ಕೆಲಸದವರು ಮನೆಗೆ, ಮೋ ಅನ್ನುವವನ ಬಾರಿಗೆ ಬೀಗ, ಹೋಮರ್‌ನ ಮಗ ಬಾರ್ಟ್‌ನ ನಾಯಿಗೆ ಗಾಯ. ಅದೂ ಸಾಲದೆ ಸೂರ್ಯನಿಗೇ ಮುಚ್ಚಳ ಹಾಕುತ್ತಾನೆ, ಜನ ಹಗಲಲ್ಲೂ ದೀಪ ಉರಿಸಿ ತನಗೆ ಕರೆಂಟ್ ಬಿಲ್ ಕಟ್ಟಲಿ ಅಂತ. ಬೇಡ ಅಂದ ಸ್ಮಿದರ್ಸ್‌ನನ್ನು ಕೆಲಸದಿಂದ ಕಿತ್ತುಹಾಕುತ್ತಾನೆ. ಹೀಗೆ ನಾವು ‘ಯಾರಿಗೆ ದ್ವೇಷ ಜಾಸ್ತಿ’ ಅಂತ ಲೆಕ್ಕ ಹಾಕುತ್ತಾ ಕೂರುತ್ತೇವೆ. ಅಲ್ಲೇ ನಾವು ದಾರಿ ತಪ್ಪುವುದು. ಹೊಡೆದವಳಿಗೆ ದ್ವೇಷವೇ ಇಲ್ಲ.

ಇಂಗ್ಲಿಷಿನಲ್ಲಿ ತೀರಾ ಸುಲಭದ ಕೆಲಸಕ್ಕೆ ‘ಮಗುವಿನ ಕೈಯಿಂದ ಮಿಠಾಯಿ ಕಿತ್ತುಕೊಂಡ ಹಾಗೆ’ ಅನ್ನುವ ಮಾತಿದೆ, ನಮ್ಮಲ್ಲಿ ಬಾಳೆಹಣ್ಣು ಸುಲಿದ ಹಾಗೆ ಅಂತೀವಲ್ಲ ಹಾಗೆ. ಮೊದಲ ಭಾಗದಲ್ಲಿ ಎಣ್ಣೆ ಕದಿಯುವ ಮಾತು ನಡೆಯುವಾಗ ಇದು ಬರುತ್ತದೆ, ಬರ್ನ್ಸ್‌ಗೆ ಖುಷಿಯಾಗಿ ಅದನ್ನು ನಿಜವಾಗಿಯೂ ಮಾಡಿ ನೋಡೋಣ ಅನ್ನುತ್ತಾನೆ. ನಾವು ನಕ್ಕು ಮುಂದೆ ಹೋಗುತ್ತೇವೆ. ಯಾಕೆಂದರೆ ಗಾದೆಯಂಥ ಮಾತು ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಕೊನೆಗೆ ಆದದ್ದು ಅಕ್ಷರಶಃ ಅದೇ: ಕಾರಿನಲ್ಲಿ ಕೂತ, ಹೋಮರ್‌ನ ಹಸುಗೂಸು ಮ್ಯಾಗಿಯ ಕೈಯಿಂದ ಲಾಲಿಪಾಪ್ ಕೀಳಲು ಹೋದ, ಅವಳು ಬಿಡಲಿಲ್ಲ, ಎಳೆದಾಟದಲ್ಲಿ ಅವನದೇ ಪಿಸ್ತೂಲು ಜಾರಿ ಅವಳ ಕೈ ಸೇರಿ ಗುಂಡು ಹಾರಿತು. ನನ್ನ ಪ್ರಕಾರ ಇಡೀ ಎಪಿಸೋಡಿನ ಅತಿ ನಿಯತ್ತಿನ ಸುಳಿವು ಇದೇ.

ಪೊಲೀಸರಿಗೆ ಸಿಕ್ಕ ಸಾಕ್ಷಿಯೂ ಸುಳ್ಳಲ್ಲ. ಬರ್ನ್ಸ್‌ನ ಕೋಟಿನ ಮೇಲಿದ್ದ ರೆಪ್ಪೆಕೂದಲು ಸಿಂಪ್ಸನ್ ಮನೆಯವರದು. ಪಿಸ್ತೂಲು ಸಿಕ್ಕಿದ್ದು ಆ ಮನೆಯ ಕಾರಿನ ಸೀಟಿನ ಕೆಳಗೆ. ಅದರ ಮೇಲೆ ಹೋಮರ್‌ನ ಬೆರಳಚ್ಚು ಬಂದದ್ದು, ಬಿದ್ದ ಐಸ್‌ಕ್ರೀಮ್ ತಡಕಾಡುವಾಗ ಕೈ ತಗುಲಿ. ರೆಪ್ಪೆಕೂದಲು ಹೇಳಿದ್ದು ‘ಸಿಂಪ್ಸನ್’ ಅಂತ, ‘ಹೋಮರ್’ ಅಂತ ಸೇರಿಸಿಕೊಂಡದ್ದು ಪೊಲೀಸರು. ನನ್ನ ಅಳಿಯನೂ ಅಷ್ಟೇ.

ಇನ್ನು ಆ ನೆರಳು ಗಡಿಯಾರ. ಬರ್ನ್ಸ್ ತೂರಾಡುತ್ತಾ ಬಂದು ಅದರ ಮೇಲೆ ಬೀಳುತ್ತಾನೆ, ಕೈಗಳು ಅದರ ಮೇಲಿನ ದಿಕ್ಕಿನ ಅಕ್ಷರಗಳಾದ ಡಬ್ಲ್ಯೂ ಮತ್ತು ಎಸ್ ಕಡೆ. ವೇಲಾನ್ ಸ್ಮಿದರ್ಸ್! ನಾನು ದೋಸೆ ಸೋತದ್ದು ಇಲ್ಲೇ. ಬಿದ್ದವನ ಕಡೆಯಿಂದ ನೋಡಿದರೆ ಡಬ್ಲ್ಯೂ ತಲೆಕೆಳಗಾಗಿ ಎಂ ಆಗುತ್ತದೆ, ಮ್ಯಾಗಿ ಸಿಂಪ್ಸನ್. ಕೊನೆಯಲ್ಲಿ ಮ್ಯಾಗಿಯ ಅಕ್ಕ ಲೀಸಾ ಇದನ್ನು ಹೆಮ್ಮೆಯಿಂದ ಬಿಡಿಸಿ ಹೇಳಿದರೆ ಬರ್ನ್ಸ್ ಹಾಗೇನೂ ಇಲ್ಲ ಅಂದುಬಿಡುತ್ತಾನೆ. ಉಳಿದ ಶಕ್ತಿಯಲ್ಲಿ ಅವನು ಮಾಡಿದ್ದು ಹಲ್ಲಿಗೆ ತುಂಬಿಸಿದ್ದ ಚಿನ್ನವನ್ನು ಹೀರಿ ನುಂಗಿದ್ದು, ಆಂಬುಲೆನ್ಸಿನವರು ಕದಿಯಬಾರದು ಅಂತ! ನಿಮಗೆ ಮೋಸ ಅನಿಸಿದ್ದು ಇಲ್ಲಿ ಇರಬೇಕು. ನಾನಂತೂ ಬಿದ್ದು ಬಿದ್ದು ನಕ್ಕೆ.

ಬರೆದವರು ಬಿಲ್ ಓಕ್ಲಿ ಮತ್ತು ಜೋಶ್ ವೈನ್‌ಸ್ಟೀನ್. ಅವರ ಮನಸ್ಸಿನಲ್ಲಿ ಮೊದಲು ಇದ್ದದ್ದು ಕುಡುಕ ಬಾರ್ನಿ. ಆಗ ಶೋ ನಡೆಸುತ್ತಿದ್ದ ಡೇವಿಡ್ ಮಿರ್ಕಿನ್ ಮ್ಯಾಗಿಯೇ ಇರಲಿ ಅಂದರು. ಬಾರ್ನಿ ಆಗಿದ್ದರೆ ಯಾರು ನೆನಪಿಡುತ್ತಿದ್ದರು ಹೇಳಿ? ಗುಟ್ಟು ಹೊರಬೀಳದಿರಲಿ ಅಂತ ಸುಳ್ಳು ಕೊನೆಗಳನ್ನೂ ಬಿಡಿಸಿಟ್ಟಿದ್ದರು. ಸ್ಮಿದರ್ಸ್ ಹೊಡೆಯುವ ಒಂದು ಕೊನೆ ಅದೇ ವರ್ಷ ಡಿಸೆಂಬರ್‌ನಲ್ಲಿ ಬಂದ 138ನೇ ಎಪಿಸೋಡಿನಲ್ಲಿದೆ. ಅದನ್ನು ತೋರಿಸಿ ದೋಸೆ ವಾಪಸ್ ಕೇಳಿದೆ, ಅಳಿಯ ಒಪ್ಪಲಿಲ್ಲ.

ಸುಳಿವೆಲ್ಲ ಬಿಟ್ಟರೂ ನನಗೆ ಎರಡನೇ ಭಾಗದಲ್ಲಿ ತುಂಬಾ ಇಷ್ಟ, ಶಾಲೆಯ ಕೆಲಸ ಕಳೆದುಕೊಂಡ ವಿಲ್ಲಿಯ ವಿಚಾರಣೆ. ಸ್ಪೇಸ್ ಇನ್ವೇಡರ್ಸ್‌ನಿಂದ (ಅಂದರೆ ಬಾಹ್ಯಾಕಾಶದ ದಾಳಿಕೋರರು) ಎರಡೂ ತೋರುಬೆರಳಿಗೆ ಸಂಧಿವಾತ, ಟ್ರಿಗರ್ ಎಳೆಯೋಕೆ ಆಗಲ್ಲ ಅನ್ನುತ್ತಾನೆ. ಹೌದಪ್ಪ, ಆ ವಿಡಿಯೋ ಗೇಮ್ ಹುಚ್ಚು ಹಿಡಿಸುವಂಥದ್ದೇ ಅಂತಾರೆ ಪೊಲೀಸರು. ವಿಲ್ಲಿ ಮುಖ ಸಣ್ಣಗೆ ಮಾಡಿ, ‘ವಿಡಿಯೋ ಗೇಮಾ?’

ಮತ್ತೆ ನೋಡುವುದಾದರೆ ಚಾಕೊಲೇಟ್ ಡಬ್ಬಿಯ ದೃಶ್ಯ ಬಿಡಬೇಡಿ. ಬರ್ನ್ಸ್ ತನ್ನ ಹೆಸರು ನೆನಪಿಡಲಿ ಅಂತ ಹೋಮರ್ ಚಾಕೊಲೇಟಿನ ಕೆಳಗೆ ಮನೆಯವರ ಫೋಟೋ ಇಟ್ಟು ಕಳಿಸುತ್ತಾನೆ. ಬರ್ನ್ಸ್ ಮತ್ತು ಸ್ಮಿದರ್ಸ್ ಎಲ್ಲ ತಿಂದು, ರುಚಿಯಿಲ್ಲದ ಒಂದನ್ನು ಮಾತ್ರ ಬಿಡುತ್ತಾರೆ. ಅದು ಸರಿಯಾಗಿ ಹೋಮರ್‌ನ ಮುಖದ ಮೇಲೆ. ಧನ್ಯವಾದದ ಕಾರ್ಡು ಬರುತ್ತದೆ: ಮಾರ್ಜ್, ಬಾರ್ಟ್, ಲೀಸಾ, ಮ್ಯಾಗಿ. ಅಷ್ಟೇ ಹೆಸರು.