ಯುವೆಂಟಸ್ ಜೆರ್ಸಿ ತರಲಾ ಅಂತ ಕೇಳಿದ ತಮ್ಮನಿಗೆ

ನಿನ್ನ ಪ್ರಶ್ನೆ ಓದಿದೆ. ಸೆಪ್ಟೆಂಬರ್‌ನಲ್ಲಿ ಇಟಲಿಯ ಟ್ಯೂರಿನ್‌ಗೆ ಬರುತ್ತಿದ್ದೀಯ, ಇಲ್ಲಿನ ಎಂಜಿನಿಯರಿಂಗ್ ಕಾಲೇಜು ಪೊಲಿಟೆಕ್ನಿಕೊದಲ್ಲಿ ಸೀಟು ಸಿಕ್ಕಿದೆ. ಮನೆ ಎಲ್ಲಿ ನೋಡಬೇಕು, ಊಟಕ್ಕೆ ಏನು ಮಾಡುವುದು, ಜನ ಹೇಗೆ ಅಂತ ಕೇಳಿದ್ದೀಯ. ಕೊನೆಯಲ್ಲಿ ಒಂದು ಸಾಲು: "ಅಣ್ಣಾ, ಬರುವಾಗ ಯುವೆಂಟಸ್ ಜೆರ್ಸಿ ಹಾಕಿಕೊಂಡೇ ಬರ್ತೀನಿ, ಅಲ್ಲಿನವರಿಗೆ ಖುಷಿ ಆಗುತ್ತೆ ಅಲ್ವಾ?" ಯುವೆಂಟಸ್ ಈ ಊರಿನ ದೊಡ್ಡ ಫುಟ್‌ಬಾಲ್ ಕ್ಲಬ್, ಸರಿ. ಆದರೂ ಆ ಒಂದು ಸಾಲಿಗೋಸ್ಕರ ಇಷ್ಟುದ್ದ ಬರೆಯುತ್ತಿದ್ದೇನೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬಂದ 8 ಕೆಲಸದ ದಿನಗಳೊಳಗೆ ಅಂಚೆ ಕಚೇರಿಯಲ್ಲಿ ಪೆರ್ಮೆಸ್ಸೊ, ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿಯ ಅರ್ಜಿ ಹಾಕು, ನಾಳೆ ನಾಡಿದ್ದು ಅನ್ನಬೇಡ. ಕ್ರೊಚೆತ್ತಾದಲ್ಲಿ ಬಾಡಿಗೆ ಜಾಸ್ತಿ, ಸಾನ್ ಪಾವೊಲೊ ಕಡೆ ನೋಡು, ಕಾಲೇಜಿಗೆ ನಡೆದೇ ಹೋಗಬಹುದು. ತರಕಾರಿಗೆ ಪೋರ್ತಾ ಪಲಾತ್ಸೊ ಸಂತೆ ಇದೆ. ಸಾರಿನಪುಡಿ, ಚಟ್ನಿಪುಡಿ ಅಮ್ಮ ಕಟ್ಟಿಕೊಟ್ಟಷ್ಟೂ ತಾ, ಅದನ್ನು ನಾನು ಹೇಳಬೇಕಾಗಿಲ್ಲ. ಚಳಿಯ ಕೋಟು ಇಲ್ಲೇ ತಗೋ.

ಇನ್ನು ಜೆರ್ಸಿ.

ನಾನು ಬಂದದ್ದು 2009ರಲ್ಲಿ. ಟ್ಯೂರಿನ್ ಅಂದರೆ ಫಿಯಟ್ ಮತ್ತು ಯುವೆಂಟಸ್, ಅಷ್ಟೇ ಗೊತ್ತಿತ್ತು ನನಗೂ. ಮೊದಲ ವಾರವೇ ಸಂತೆಯಲ್ಲಿ ಕಪ್ಪು ಬಿಳಿ ಪಟ್ಟೆಯ ಮಫ್ಲರ್ ತಗೊಂಡೆ. ನನ್ನ ಬಾಡಿಗೆ ಮನೆ ಫಿಲಡೆಲ್ಫಿಯಾ ರಸ್ತೆಯ ಹತ್ತಿರ ಇತ್ತು. ಕೆಳಗಿನ ಮನೆಯಲ್ಲಿ ಒಬ್ಬ ಅಜ್ಜ, ವಯಸ್ಸು ಎಪ್ಪತ್ತರ ಹತ್ತಿರ, ಹೆಂಡತಿ ತೀರಿಕೊಂಡಿದ್ದರು, ಮಗಳು ಮಿಲಾನ್‌ನಲ್ಲಿ. ನಾನು ಬಂದ ದಿನ ನನ್ನ ಸೂಟ್‌ಕೇಸಿಗೆ ಕೈ ಹಾಕಿ ಮಹಡಿ ಹತ್ತಿಸಿದವರು ಅವರೇ. ಆ ಮಫ್ಲರ್ ಸುತ್ತಿಕೊಂಡು ಮೆಟ್ಟಿಲಲ್ಲಿ ಎದುರಾದಾಗ ಒಮ್ಮೆ ನೋಡಿ, ತಲೆ ಆಡಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಬಂದು ಬಾಗಿಲು ತಟ್ಟಿದರು. ಬಾ ಅಂತ ಕೈಸನ್ನೆ ಮಾಡಿ ರಸ್ತೆಯ ಆ ಕಡೆಗೆ ಕರೆದುಕೊಂಡು ಹೋದರು. ತಂತಿಬೇಲಿ, ಒಳಗೆ ಆಳೆತ್ತರದ ಕಳೆ, ಮುರಿದ ಸಿಮೆಂಟಿನ ಮೆಟ್ಟಿಲುಗಳು. ಅವರು ಬೇಲಿ ಹಿಡಿದು ನಿಂತು ಹೇಳತೊಡಗಿದರು: ಬಾಚಿಗಲೂಪೊ, ಬಲ್ಲಾರಿನ್, ಮರೊಸೊ, ಗ್ರೆಜಾರ್, ರಿಗಮೊಂತಿ, ಕಾಸ್ತಿಲ್ಯಾನೊ, ಮೆಂತಿ, ಲೊಯಿಕ್, ಗಬೆತ್ತೊ, ಮಜ್ಜೋಲಾ, ಒಸ್ಸೊಲಾ. ನಾವು ಮಗ್ಗಿ ಹೇಳುತ್ತಿದ್ದೆವಲ್ಲ, ಹಾಗೆ, ಒಂದೇ ಉಸಿರಿನಲ್ಲಿ. ನನಗೆ ಆಗ ಇಟಾಲಿಯನ್ ಬರುತ್ತಿರಲಿಲ್ಲ. ಯಾವುದೋ ಪ್ರಾರ್ಥನೆ ಅಂದುಕೊಂಡೆ.

ಅದು 1949ರ ಟೊರಿನೊ ತಂಡ. ಈ ಊರಿನ ಇನ್ನೊಂದು ಕ್ಲಬ್, ಊರಿನ ಹೆಸರನ್ನೇ ಇಟ್ಟುಕೊಂಡದ್ದು, ಟ್ಯೂರಿನ್‌ಗೆ ಇಟಾಲಿಯನ್‌ನಲ್ಲಿ ಟೊರಿನೊ ಅಂತಲೇ ಹೆಸರು. ಜನ ತೋರೊ ಅನ್ನುತ್ತಾರೆ, ಹೋರಿ ಅಂತ ಅರ್ಥ, ಊರಿನ ಲಾಂಛನವೂ ಅದೇ. 1906ರ ಡಿಸೆಂಬರ್ 3ರಂದು ಪಿಯೆತ್ರೊ ಮಿಕ್ಕಾ ರಸ್ತೆಯ ಒಂದು ಬಿಯರ್ ಅಂಗಡಿಯಲ್ಲಿ ಹುಟ್ಟಿತು. ಹುಟ್ಟುಹಾಕಿದವರಲ್ಲಿ ಮುಖ್ಯ ಅಲ್ಫ್ರೆಡೊ ಡಿಕ್, ಸ್ವಿಸ್ ಮನುಷ್ಯ, ಅದಕ್ಕೆ ಮುಂಚೆ ಯುವೆಂಟಸ್‌ನಲ್ಲೇ ಇದ್ದವನು, ಅಲ್ಲಿ ಮನಸ್ತಾಪವಾಗಿ ತನ್ನ ಕಡೆಯವರನ್ನು ಕಟ್ಟಿಕೊಂಡು ಹೊರಬಂದವನು. ಅಂದರೆ ಎರಡೂ ಕ್ಲಬ್ಬುಗಳು ದಾಯಾದಿಗಳು. ದಾಯಾದಿ ಜಗಳ ಎಂಥದ್ದು ಅಂತ ನಿನಗೆ ಗೊತ್ತು. 1923ರಲ್ಲಿ ಯುವೆಂಟಸ್ ಫಿಯಟ್‌ನ ಅನ್ಯೆಲ್ಲಿ ಮನೆತನದ ಕೈಗೆ ಹೋಯಿತು. ಆಮೇಲೆ ಅದಕ್ಕೆ ದೇಶದ ತುಂಬ ಅಭಿಮಾನಿಗಳಾದರು. ತೋರೊ ಊರಿನವರದಾಗಿ ಉಳಿಯಿತು. ದಕ್ಷಿಣ ಇಟಲಿಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರಲ್ಲಿ ಯುವೆಂಟಸ್ ಕಡೆಯವರೇ ಜಾಸ್ತಿ ಅನ್ನುತ್ತಾರೆ. ಹೊರಗಿನಿಂದ ಬಂದವನಿಗೆ ದೊಡ್ಡ ಹೆಸರೇ ಮೊದಲು ಕಾಣುತ್ತದೆ, ನನಗೂ ಹಾಗೇ ಆಯಿತು. ಯುವೆಂಟಸ್‌ನವರೂ ಒಳ್ಳೆಯ ಜನ, ನನ್ನ ಆಫೀಸಿನಲ್ಲಿ ಅರ್ಧ ಜನ ಅವರೇ.

ಆ ಮುರಿದ ಮೆಟ್ಟಿಲುಗಳು 1926ರಲ್ಲಿ ತೆರೆದ ಫಿಲಡೆಲ್ಫಿಯಾ ಸ್ಟೇಡಿಯಮ್ಮಿನವು. ಅಲ್ಲಿ ಆ ತಂಡ ಹತ್ತಿರ ಹತ್ತಿರ ಆರು ವರ್ಷ ಲೀಗ್‌ನಲ್ಲಿ ಸೋಲಲೇ ಇಲ್ಲ. ಸತತ ಐದು ಸಲ ಲೀಗ್ ಗೆದ್ದರು, ನಡುವೆ ಯುದ್ಧಕ್ಕೆ ನಿಂತದ್ದು ಬಿಟ್ಟರೆ. 1947-48ರಲ್ಲಿ 40 ಪಂದ್ಯಗಳಲ್ಲಿ 125 ಗೋಲು. 1947ರ ಮೇ 11ರಂದು ಹಂಗೇರಿ ಮೇಲೆ ಆಡಿದ ಇಟಲಿಯ ಹನ್ನೊಂದು ಜನರಲ್ಲಿ ಹತ್ತು ಜನ ಟೊರಿನೊದವರು, ಗೋಲ್‌ಕೀಪರ್ ಒಬ್ಬ ಮಾತ್ರ ಯುವೆಂಟಸ್‌ನವನು. ತಂಡ ಮಂಕಾದಾಗ ಗ್ಯಾಲರಿಯಲ್ಲಿದ್ದ ಒಬ್ಬ ರೈಲ್ವೆ ನೌಕರ ತುತ್ತೂರಿ ಊದುತ್ತಿದ್ದನಂತೆ, ಕ್ಯಾಪ್ಟನ್ ವಲೆಂತೀನೊ ಮಜ್ಜೋಲಾ ಅಂಗಿಯ ತೋಳು ಮಡಚುತ್ತಿದ್ದನಂತೆ, ಅಲ್ಲಿಂದ ಕಾಲು ಗಂಟೆಯಲ್ಲಿ ಆಟ ಮುಗಿಯುತ್ತಿತ್ತಂತೆ. ಅಜ್ಜ ಇದನ್ನು ಹೇಳುವಾಗ ತಾವೂ ತೋಳು ಮಡಚುತ್ತಿದ್ದರು.

1949ರ ಮೇ 4. ಲಿಸ್ಬನ್‌ನಲ್ಲಿ ಬೆನ್ಫಿಕಾ ಜೊತೆ ಸ್ನೇಹದ ಪಂದ್ಯ ಆಡಿ ವಾಪಸ್ ಬರುತ್ತಿದ್ದರು. ಸಂಜೆ ಐದು ದಾಟಿತ್ತು, ದಟ್ಟ ಮೋಡ, ಮಂಜು. ಊರಿನ ಪಕ್ಕದ ಸುಪೆರ್ಗಾ ಗುಡ್ಡದ ಮೇಲೆ ದೊಡ್ಡ ಚರ್ಚ್ ಇದೆ, ಅದರ ಹಿಂದಿನ ತಡೆಗೋಡೆಗೆ ವಿಮಾನ ಬಡಿಯಿತು. 31 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. 18 ಆಟಗಾರರು, ಅದರಲ್ಲಿ ಬಲ್ಲಾರಿನ್ ಅಣ್ಣ ತಮ್ಮ ಇಬ್ಬರೂ. ಸುಟ್ಟ ದೇಹಗಳನ್ನು ಗುರುತಿಸಲು ರಾಷ್ಟ್ರೀಯ ತಂಡದ ಹಳೆಯ ಕೋಚ್ ವಿತ್ತೋರಿಯೊ ಪೊತ್ಸೊ ಬಂದರು. ಲೀಗ್‌ನಲ್ಲಿ ಇನ್ನೂ ನಾಲ್ಕು ಪಂದ್ಯ ಬಾಕಿ ಇತ್ತು, ಟೊರಿನೊ ತನ್ನ ಎಳೆಯ ಹುಡುಗರನ್ನು ಇಳಿಸಿತು. ಎದುರಿನ ನಾಲ್ಕೂ ತಂಡಗಳು ತಮ್ಮ ದೊಡ್ಡ ಆಟಗಾರರನ್ನು ಕೂರಿಸಿ ಹುಡುಗರನ್ನೇ ಇಳಿಸಿದವು. ಮುಂದಿನ ವರ್ಷ ಬ್ರೆಜಿಲ್ ವಿಶ್ವಕಪ್‌ಗೆ ಇಟಲಿ ತಂಡ ಹಡಗಿನಲ್ಲಿ ಹೋಯಿತು.

ಅಜ್ಜನಿಗೆ ಆಗ ಒಂಬತ್ತು ವರ್ಷ. ಮೇ 6ರ ಶವಯಾತ್ರೆಗೆ ಊರಲ್ಲಿ ಲಕ್ಷಗಟ್ಟಲೆ ಜನ ಸೇರಿದ್ದರು, ಅವರಪ್ಪ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದರು. ಅಪ್ಪ ಅಳುವುದನ್ನು ನೋಡಿದ್ದು ಅದೊಂದೇ ಸಲ ಅನ್ನುತ್ತಿದ್ದರು.

ತೋರೊ ಆಮೇಲೆ ಲೀಗ್ ಗೆದ್ದದ್ದು ಒಮ್ಮೆ ಮಾತ್ರ, 1976ರಲ್ಲಿ. ಅದಕ್ಕೂ ಮುಂಚೆ 1967ರ ಅಕ್ಟೋಬರ್ 15ರಂದು ಜಿಜಿ ಮೆರೋನಿ ಅನ್ನುವ ಹುಡುಗ, ಇನ್ನೂ 24, ಪಂದ್ಯ ಗೆದ್ದ ಸಂಜೆ ರಸ್ತೆ ದಾಟುವಾಗ ಕಾರಿಗೆ ಸಿಕ್ಕಿ ಸತ್ತ. ಕಾರು ಓಡಿಸುತ್ತಿದ್ದವನೂ ತೋರೊ ಅಭಿಮಾನಿಯೇ. ಅದು ರೆ ಉಂಬೆರ್ತೊ ರಸ್ತೆ, ನಿನ್ನ ಕಾಲೇಜಿನಿಂದ ದೂರವಿಲ್ಲ, ಅಲ್ಲೊಂದು ಸ್ಮಾರಕ ಇದೆ, ನೋಡು. 2005ರಲ್ಲಿ ಕ್ಲಬ್ ದಿವಾಳಿಯಾಗಿ ಮತ್ತೆ ಎದ್ದಿತು. ಇಷ್ಟಾದರೂ ಜನ ಬಿಟ್ಟು ಹೋಗಿಲ್ಲ. ಆರ್‌ಸಿಬಿ ಹುಡುಗ ಅಂತ ನೀನೇ ಬರೆದಿದ್ದೀಯ, 18ನೇ ವರ್ಷದವರೆಗೂ ಕಾದವನಿಗೆ ಇದನ್ನು ಬಿಡಿಸಿ ಹೇಳಬೇಕಾ.

ಇನ್ನು ಯಾರಿಗೂ ಹೇಳದ ಮಾತು. ಪ್ರತಿ ಮೇ 4ಕ್ಕೆ ಸುಪೆರ್ಗಾದಲ್ಲಿ ಜನ ಸೇರುತ್ತಾರೆ. ತಂಡದ ಕ್ಯಾಪ್ಟನ್ ಸ್ಮಾರಕದ ಕಲ್ಲಿನ ಎದುರು ನಿಂತು ಸತ್ತವರ ಹೆಸರು ಒಂದೊಂದಾಗಿ ಓದುತ್ತಾನೆ. 2010ರಲ್ಲಿ ಅಜ್ಜ ನನ್ನನ್ನು ಕರೆದರು. ಪರೀಕ್ಷೆ ಇದೆ ಅಂದೆ. ಮುಂದಿನ ವರ್ಷವೂ ಕರೆದರು, ಪ್ರಾಜೆಕ್ಟ್ ಅಂದೆ. ಆಮೇಲೆ ಕೆಲಸ, ಆಮೇಲೆ ಹೆಂಡತಿ ದಾವಣಗೆರೆಯಿಂದ ಹೊಸದಾಗಿ ಬಂದಿದ್ದಾಳೆ, ಆಮೇಲೆ ಮಗು ಸಣ್ಣದು. ಊರಿನಲ್ಲಿ ಹಿರಿಯರು ಒಂದು ಕಡೆ ಬಾ ಅಂದರೆ ಕೈ ತೊಳೆದುಕೊಂಡು ಹೊರಡುತ್ತಿದ್ದವನು ನಾನು. ಇಲ್ಲಿಗೆ ಬಂದು ಟೈಮಿಲ್ಲ ಅನ್ನುವುದನ್ನು ಎಷ್ಟು ಬೇಗ ಕಲಿತೆ. ಅವರು ಯಾವತ್ತೂ ಬೇಜಾರು ತೋರಿಸಲಿಲ್ಲ. ವಾಪಸ್ ಬಂದು ಯಾರು ಬಂದಿದ್ದರು, ಮಳೆ ಬಂತಾ, ಎಲ್ಲ ಹೇಳುತ್ತಿದ್ದರು. 2015ರಲ್ಲಿ ಮಂಡಿ ಹಿಡಿದುಕೊಂಡಿತ್ತು, ಆ ವರ್ಷ ಕರೆಯಲೇ ಇಲ್ಲ. ನಾನು ಕಾರಿನಲ್ಲಿ ಕರೆದುಕೊಂಡು ಹೋಗಬಹುದಿತ್ತು. ಅವತ್ತು ನನಗೆ ಅದು ಹೊಳೆಯಲೇ ಇಲ್ಲ.

2016ರ ಜನವರಿಯಲ್ಲಿ ತಂಗಿಯ ಮದುವೆಗೆ ಊರಿಗೆ ಹೋಗಿದ್ದೆ. ತಿರುಗಿ ಬಂದಾಗ ಕೆಳಗಿನ ಕಾಲಿಂಗ್ ಬೆಲ್ ಪಕ್ಕದ ಹೆಸರಿನ ಚೀಟಿ ಇರಲಿಲ್ಲ. 2017ರ ಮೇ 25ರಂದು ಫಿಲಡೆಲ್ಫಿಯಾವನ್ನು ಮತ್ತೆ ಕಟ್ಟಿ ತೆರೆದರು, ತಂಡ ಈಗ ಅಲ್ಲೇ ಅಭ್ಯಾಸ ಮಾಡುತ್ತದೆ. ಅವರು ನೋಡಲಿಲ್ಲ. ಆ ತಿಂಗಳ 4ಕ್ಕೆ ನಾನು ಮೊದಲ ಸಲ ಗುಡ್ಡ ಹತ್ತಿದೆ. ಬಾಚಿಗಲೂಪೊ ಅಂತ ಕೂಗಿದಾಗ ಸುತ್ತಲಿನವರು ಸುಮ್ಮನಿದ್ದರು, ನನ್ನ ತುಟಿ ಮಾತ್ರ ತಾನಾಗಿ ಮುಂದಿನ ಹೆಸರು ಹೇಳುತ್ತಿತ್ತು. ಅವರ ಲಯದಲ್ಲೇ. ಅವತ್ತಿನಿಂದ ಒಂದು ವರ್ಷವೂ ತಪ್ಪಿಸಿಲ್ಲ.

ಜೆರ್ಸಿಯ ದುಡ್ಡು ಉಳಿಸು. ಗ್ರನಾತಾ, ಅಂದರೆ ತೋರೊದ ಕಡುಗೆಂಪು ಬಣ್ಣವೂ ಈಗಲೇ ಬೇಡ, ಅದನ್ನು ಆಮೇಲೆ ನೋಡೋಣ. ಬಂದು ಆರು ತಿಂಗಳು ಯಾರು ಏನು ಹೇಳುತ್ತಾರೆ ಅಂತ ಕೇಳಿಸಿಕೋ. ಸಾಸ್ಸಿಯಿಂದ ಸುಪೆರ್ಗಾಕ್ಕೆ ಊಟಿ ರೈಲಿನ ಹಾಗೆ ಹಲ್ಲಿನ ಹಳಿ ಹಿಡಿದು ಹತ್ತುವ ಹಳೆಯ ಟ್ರಾಮ್ ಇದೆ. ಮೇ 4ಕ್ಕೆ ರಜೆ ಇರುವುದಿಲ್ಲ. ಮಧ್ಯಾಹ್ನದ ಕ್ಲಾಸ್ ಬಿಟ್ಟು ಬಾ, ಸಾಸ್ಸಿ ಸ್ಟೇಷನ್ ಮುಂದೆ ನಿಂತಿರುತ್ತೇನೆ.