ರೈಲ್ವೆ ಗೇಟ್ ಬಿದ್ದಾಗ ಬಗ್ಗಿ ದಾಟುವುದು ಅಷ್ಟು ಅಪಾಯವೇ?

ನಿಮ್ಮ ಪ್ರಶ್ನೆ ಇದು: ಹೊಸದಾಗಿ ತೋರಣಗಲ್ಲಿಗೆ ಕೆಲಸಕ್ಕೆ ಬಂದಿದ್ದೀರಿ, ಕಾರು ಕಲಿಯುತ್ತಿದ್ದೀರಿ. ಗೇಟ್ ಹಾಕಿದ್ದರೂ ಬೈಕಿನವರು ಬಗ್ಗಿ ನುಗ್ಗುತ್ತಾರೆ. ಅದು ನಿಜಕ್ಕೂ ಅಪಾಯವೇ, ಗೇಟ್ ಅಷ್ಟು ಹೊತ್ತು ಯಾಕೆ ಹಾಕುತ್ತಾರೆ, ಕಾರಿನಲ್ಲಿ ದಾಟುವಾಗ ಏನು ನೋಡಿಕೊಳ್ಳಬೇಕು ಅಂತ ಕೇಳಿದ್ದೀರಿ.

ನಾನು ಕೊಪ್ಪಳದವನು. ಬೀಜ, ಗೊಬ್ಬರದ ವ್ಯಾಪಾರ. ಬಳ್ಳಾರಿ, ಗಂಗಾವತಿ, ರಾಯಚೂರು ಅಂತ ತಿರುಗಾಟ ಜಾಸ್ತಿ. ಗೇಟಿನ ಮುಂದೆ ಕಾಯುತ್ತಾ ಗೇಟ್‌ಮನ್‌ಗಳ ಜೊತೆ ಮಾತಾಡುವ ಚಟ ಬೆಳೆದಿದೆ.

ಅಪಾಯ ಹೌದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಕಣ್ಣಿಗೆ ಬಗ್ಗಿ ನುಗ್ಗುವವನಿಗಿಂತ ದೊಡ್ಡ ತಲೆನೋವು, ಗೇಟ್ ಬಿದ್ದ ಕೂಡಲೇ ರಸ್ತೆಯ ಬಲಗಡೆಗೂ ಬಂದು ನಿಲ್ಲುವವರು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಗೇಟ್ ಯಾಕೆ ಅಷ್ಟು ಹೊತ್ತು ಅನ್ನುವುದು. ಈಗ ದೊಡ್ಡ ರಸ್ತೆಗಳ ಗೇಟುಗಳು ಹೆಚ್ಚಾಗಿ ಸಿಗ್ನಲ್ ಜೊತೆ ಬೆಸೆದುಕೊಂಡಿರುತ್ತವೆ. ಇಂಟರ್‌ಲಾಕಿಂಗ್ ಅನ್ನುತ್ತಾರೆ. ಗೇಟ್ ಬಿದ್ದು ಬೀಗ ಬೀಳುವ ತನಕ ರೈಲಿಗೆ ಹಸಿರು ಸಿಗ್ನಲ್ ಕೊಡಲು ಬರುವುದಿಲ್ಲ. ಹಸಿರು ಕೊಟ್ಟ ಮೇಲೆ ರೈಲು ದಾಟುವ ತನಕ ಗೇಟ್ ಸುಮ್ನೆ ಎತ್ತಲೂ ಬರುವುದಿಲ್ಲ. ತುಂಬಿದ ಅದಿರಿನ ಗೂಡ್ಸ್ ಗಾಡಿ ಬ್ರೇಕ್ ಹಾಕಿದರೂ ನಿಲ್ಲಲು ಹೆಚ್ಚೂಕಡಿಮೆ ಒಂದು ಕಿಲೋಮೀಟರ್ ಬೇಕು. ಹಾಗಾಗಿ ಅದರ ಡ್ರೈವರಿಗೆ ಬಹಳ ದೂರದಲ್ಲೇ ಸಿಗ್ನಲ್ ಕಾಣಬೇಕು, ಗೇಟ್ ಅದಕ್ಕೂ ಮುಂಚೆ ಬೀಳಬೇಕು. ಗಾಡಿ ಇನ್ನೂ ಕಣ್ಣಿಗೆ ಕಾಣದಿದ್ದರೂ ನಾವು ಕಾಯುವುದು ಇದಕ್ಕೇ. "ಏ ಅಣ್ಣಾ, ಗಾಡಿ ಎಲ್ಲೈತಿ, ಗೇಟ್ ತಗೀರಿ" ಅಂತ ಕೂಗುವವರು ದಿನಾ ಇರುತ್ತಾರೆ. ಪಾಪ, ಆ ಮನುಷ್ಯನ ಕೈಯಲ್ಲಿ ಏನೂ ಇರುವುದಿಲ್ಲ. ಬೈಗುಳ ಮಾತ್ರ ಅವನಿಗೆ.

ಇನ್ನು ಬಗ್ಗಿ ನುಗ್ಗುವವರು. ಅವರ ಲೆಕ್ಕ ಎಲ್ಲಿ ತಪ್ಪುತ್ತದೆ ಗೊತ್ತಾ? ದೊಡ್ಡ ವಸ್ತು ಎದುರಿನಿಂದ ಬರುವಾಗ ಅದು ಇರುವುದಕ್ಕಿಂತ ನಿಧಾನವಾಗಿ ಬರುತ್ತಿದೆ ಅಂತ ನಮ್ಮ ಕಣ್ಣಿಗೆ ಅನ್ನಿಸುತ್ತದೆ. ಹಳಿಯ ಪಕ್ಕದಲ್ಲಿ ನಿಂತು ನೇರ ನೋಡಿದರೆ ಎಂಜಿನ್ ನಿಂತಲ್ಲೇ ಸ್ವಲ್ಪ ಸ್ವಲ್ಪ ದೊಡ್ಡದಾದಂತೆ ಕಾಣುತ್ತದೆ, ಅಷ್ಟೇ. ಗಂಟೆಗೆ 75 ಕಿಲೋಮೀಟರ್ ವೇಗದ ಗೂಡ್ಸ್ ಸೆಕೆಂಡಿಗೆ 20 ಮೀಟರ್ ದಾಟುತ್ತದೆ. ಬೈಕನ್ನು ಒಂದು ಕಡೆ ವಾಲಿಸಿ, ತಲೆ ತಗ್ಗಿಸಿ, ಹಿಂದೆ ಕೂತವರನ್ನು ಇಳಿಸಿ, ಹಳಿ ದಾಟಿ, ಆ ಕಡೆ ಮತ್ತೆ ಬಗ್ಗುವಷ್ಟರಲ್ಲಿ ಎಷ್ಟು ಸೆಕೆಂಡ್ ಆಯಿತು ನೀವೇ ನೋಡಿ. ಸೀರೆಯುಟ್ಟ ಹೆಂಗಸರು ಕೈಯಲ್ಲಿ ಚೀಲ, ಕಂಕುಳಲ್ಲಿ ಕೂಸು ಹಿಡಿದು ಬಗ್ಗುತ್ತಾರೆ, ಗಂಡ ಆ ಕಡೆಯಿಂದ "ಲಗೂ ಬಾ" ಅನ್ನುತ್ತಿರುತ್ತಾನೆ. ನೋಡೋಕೇ ಆಗುವುದಿಲ್ಲ.

ನಿಮ್ಮ ಕಡೆ ಇನ್ನೂ ಎರಡು ವಿಷಯ ಸೇರುತ್ತವೆ. ಬಳ್ಳಾರಿ, ತೋರಣಗಲ್ಲು, ಹೊಸಪೇಟೆ ದಾರಿಯಲ್ಲಿ ಜೋಡಿ ಹಳಿ ಇದೆ. ಒಂದು ಗಾಡಿ ಹೋಯಿತು ಅಂತ ಜನ ನುಗ್ಗುತ್ತಾರೆ. ಅದೇ ಗಾಡಿಯ ಮರೆಯಲ್ಲಿ ಪಕ್ಕದ ಹಳಿಯ ಮೇಲೆ ಇನ್ನೊಂದು ಬರುತ್ತಿರಬಹುದು. ಒಂದೊಂದು ಗೂಡ್ಸ್ 600 ಮೀಟರಿಗೂ ಉದ್ದ, ಅಷ್ಟು ಹೊತ್ತೂ ಆಚೆ ಏನಿದೆ ಅಂತ ಕಾಣಿಸುವುದೇ ಇಲ್ಲ. ಎರಡನೆಯದು, ಈಗ ಕರೆಂಟ್ ಎಂಜಿನ್. ಹಳೆ ಡೀಸೆಲ್ ಎಂಜಿನ್ ಥರ ದೂರದಿಂದಲೇ ಗುಡುಗುತ್ತಾ ಬರುವುದಿಲ್ಲ. ಅದರ ಮೇಲೆ ಕಿವಿಯಲ್ಲಿ ಇಯರ್‌ಫೋನ್ ಬೇರೆ.

ಕಾನೂನೂ ಇದೆ. 1989ರ ರೈಲ್ವೆ ಕಾಯ್ದೆಯ 160ನೇ ಕಲಂ ಪ್ರಕಾರ ಹಾಕಿದ ಗೇಟ್ ತೆರೆದರೆ 3 ವರ್ಷದವರೆಗೆ, ಮುರಿದರೆ 5 ವರ್ಷದವರೆಗೆ ಜೈಲು. ಗೇಟ್ ಬೀಳುತ್ತಿದ್ದಾಗ ಕಡೇ ಕ್ಷಣದಲ್ಲಿ ನುಗ್ಗಲು ಹೋಗಿ ಕಂಬಕ್ಕೆ ಗುದ್ದುವವರು ಸಿಕ್ಕಿಬೀಳುವುದು ಇಲ್ಲೇ. ಗೇಟ್ ಮುರಿದರೆ ಸಿಗ್ನಲ್ ಕೆಲಸವೂ ಕೆಡುತ್ತದೆ, ರೈಲೂ ನಿಲ್ಲುತ್ತದೆ, ರಸ್ತೆಯೂ ನಿಲ್ಲುತ್ತದೆ.

ಈಗ ಬಲಗಡೆ ನಿಲ್ಲುವವರ ವಿಷಯ. ಬಳ್ಳಾರಿಯ ಸುಧಾ ಕ್ರಾಸ್ ಗೇಟಿನ ಹೆಸರು ಹೇಳಿದರೆ ಊರಿನವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಗೇಟ್ ಬಿದ್ದ ಎರಡೇ ನಿಮಿಷಕ್ಕೆ ಎಡಗಡೆ ಸಾಲು ಬೆಳೆಯುತ್ತದೆ. ಮೊದಲು ಒಬ್ಬ ಬೈಕಿನವನು ಬಲಗಡೆಯಿಂದ ಮುಂದೆ ಬರುತ್ತಾನೆ. ಅವನ ಹಿಂದೆ ಆಟೋ, ಆಟೋ ಹಿಂದೆ ಒಂದು ಕಾರು. ಆ ಕಡೆಯವರೂ ಇದನ್ನೇ ಮಾಡಿರುತ್ತಾರೆ. ಗೇಟ್ ಎದ್ದಾಗ ಎರಡೂ ಕಡೆ ರಸ್ತೆ ತುಂಬ ಗಾಡಿ, ಮುಖಕ್ಕೆ ಮುಖ. ಯಾರೂ ಹಿಂದೆ ಹೋಗುವುದಿಲ್ಲ, ಹೋಗಲು ಜಾಗವೂ ಇಲ್ಲ. ಎಲ್ಲರೂ ಹಾರ್ನ್ ಹೊಡೆಯುತ್ತಾ ಹಳಿಯ ಮೇಲೆ ಸಿಕ್ಕಿಕೊಳ್ಳುತ್ತಾರೆ. ಒಂದು ಹುಲ್ಲಿನ ಟ್ರ್ಯಾಕ್ಟರ್ ನಡುವೆ ಬಂತೆಂದರೆ ಕಥೆ ಮುಗಿಯಿತು. ಆ ಹೊತ್ತಿಗೆ ಮುಂದಿನ ರೈಲಿನ ಸಮಯ ಆಗಿರುತ್ತದೆ, ಗೇಟ್ ಹಾಕಲು ಆಗುವುದಿಲ್ಲ. ಸಿಗ್ನಲ್ ಬೆಸೆದ ಗೇಟ್ ಆದರೆ ರೈಲು ದೂರದಲ್ಲೇ ನಿಲ್ಲುತ್ತದೆ. ನಿಂತ ಗಾಡಿಯ ಹಿಂದೆ ಇನ್ನೊಂದು ಗಾಡಿ. ಮತ್ತೆ ಗೇಟ್ ಬಿದ್ದಾಗ ಎರಡೂ ಸೇರಿ ದಾಟುವ ತನಕ ಏಳುವುದಿಲ್ಲ. ಸಿಟ್ಟಿಗೆದ್ದ ಜನ ಆಗ ಬಗ್ಗಿ ನುಗ್ಗಲು ಶುರು ಮಾಡುತ್ತಾರೆ. ನೀವು ಕೇಳಿದ ಬೈಕಿನವನ ಅವಸರಕ್ಕೆ ಬಲಗಡೆ ನಿಂತ ಕಾರಿನವನದೂ ಪಾಲಿದೆ ಅಂತ ನಾನು ಹೇಳುವುದು ಇದಕ್ಕೆ.

ಸಿಗ್ನಲ್ ಬೆಸೆಯದ ಗೇಟುಗಳೂ ಇವೆ. ಅಲ್ಲಿ ಸ್ಟೇಷನ್‌ನಿಂದ ಫೋನ್ ಬರುತ್ತದೆ, ಗೇಟ್‌ಮನ್ ಗೇಟ್ ಹಾಕುತ್ತಾನೆ, ಎಲ್ಲ ಮಾತಿನ ಮೇಲೆ. 2025ರ ಜುಲೈನಲ್ಲಿ ತಮಿಳುನಾಡಿನ ಕಡಲೂರು ಹತ್ತಿರ ಶಾಲೆ ವ್ಯಾನಿಗೆ ರೈಲು ಬಡಿದು ಮಕ್ಕಳು ಸತ್ತಿದ್ದು ಇಂಥ ಗೇಟಿನಲ್ಲೇ. ಬ್ರಾಡ್‌ಗೇಜ್ ಅಂದರೆ ಅಗಲ ಹಳಿಯ ಮೇಲಿನ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿ ಹೊತ್ತಿಗೆ ತೆಗೆದುಹಾಕಿದರು, ಒಳ್ಳೆಯದೇ ಆಯಿತು. ಆದರೆ ಕಾವಲಿದೆ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿಕೊಂಡು ಹೋಗಬೇಡಿ. ಗೇಟ್ ತೆರೆದಿದ್ದರೂ ಎರಡೂ ಕಡೆ ಕತ್ತು ತಿರುಗಿಸಿ ನೋಡಿ.

ನಿಮ್ಮ ಕಾರಿನ ವಿಷಯ ಸುಲಭ. ಹಿಂದೆ ಎಷ್ಟೇ ಹಾರ್ನ್ ಹೊಡೆಯಲಿ, ಆ ಕಡೆ ನಿಮ್ಮ ಇಡೀ ಕಾರು ನಿಲ್ಲುವಷ್ಟು ಜಾಗ ಕಾಣುವ ತನಕ ಹಳಿಗೆ ಹತ್ತಿಸಬೇಡಿ. ಇದೊಂದು ಪಾಲಿಸಿದರೆ ಮುಕ್ಕಾಲು ಪಾಲು ಗೆದ್ದ ಹಾಗೆ. ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ಫಸ್ಟ್ ಗೇರಿನಲ್ಲಿ ನಿಧಾನಕ್ಕೆ ದಾಟಿ. ನಡುವೆ ಗೇರ್ ಬದಲಿಸಲು ಹೋಗಬೇಡಿ, ಹೊಸಬರ ಗಾಡಿ ಬಂದ್ ಬೀಳುವುದು ಅಲ್ಲೇ. ಗೇಟಿನ ಹತ್ತಿರ ರಸ್ತೆ ಉಬ್ಬಿರುತ್ತದೆ, ಅರ್ಧ ಕ್ಲಚ್ ಮೊದಲು ಚೆನ್ನಾಗಿ ರೂಢಿ ಮಾಡಿಕೊಳ್ಳಿ.

ಹಳಿಯ ಮೇಲೆ ಗಾಡಿ ಕೆಟ್ಟು ನಿಂತರೆ ಮೊದಲು ಎಲ್ಲರನ್ನೂ ಇಳಿಸಿ, ಆಚೆ ಕಳಿಸಿ. ಒಬ್ಬರು ಗೇಟ್‌ಮನ್ ಹತ್ತಿರ ಓಡಲಿ. ಅವನಲ್ಲಿ ಫೋನ್ ಇದೆ, ಕೆಂಪು ಬಾವುಟ ಇದೆ, ಹಳಿಯ ಮೇಲಿಟ್ಟರೆ ಢಂ ಅನ್ನುವ ಪಟಾಕಿಯೂ ಇದೆ. ರೈಲನ್ನು ನಿಲ್ಲಿಸಲು ಅವನಿಗೆ ಸಮಯ ಬೇಕು, ಅದಕ್ಕೇ ಮೊದಲು ಅವನಿಗೆ ಹೇಳಬೇಕು. ಕಾರು ತಳ್ಳುವುದು ಆಮೇಲೆ, ಅದೂ ನ್ಯೂಟ್ರಲ್‌ಗೆ ಹಾಕಿ. ರೈಲು ಕಣ್ಣಿಗೆ ಕಂಡರೆ ಕಾರಿನ ಆಸೆ ಬಿಡಿ. ಓಡುವಾಗ ಹಳಿಯಿಂದ ದೂರ ಸರಿಯುತ್ತಾ ರೈಲು ಬರುವ ದಿಕ್ಕಿಗೇ ಓರೆಯಾಗಿ ಓಡಿ. ಗುದ್ದಿದ ಕಾರಿನ ಚೂರುಗಳು ರೈಲು ಹೋಗುವ ದಿಕ್ಕಿಗೆ ಹಾರುತ್ತವೆ.

ತೋರಣಗಲ್ಲು ಸುತ್ತ ಕಾರ್ಖಾನೆಗಳ ಸೈಡಿಂಗ್‌ನಲ್ಲಿ, ಅಂದರೆ ಕಾರ್ಖಾನೆಗೆ ಹೋಗುವ ಕವಲು ಹಳಿಯಲ್ಲಿ, ಎಲ್ಲಾದರೂ ಗೇಟಿಲ್ಲದ ಹಳಿ ಸಿಕ್ಕರೆ, ಪೂರ್ತಿ ನಿಲ್ಲಿಸಿ. ಮೋಟಾರು ವಾಹನ ಕಾಯ್ದೆಯ 131ನೇ ಕಲಂ ಪ್ರಕಾರ ಜೊತೆಯಲ್ಲಿರುವ ಒಬ್ಬರು ಇಳಿದು, ಹಳಿಯ ತನಕ ನಡೆದು, ಎರಡೂ ಕಡೆ ನೋಡಿ, ಆಮೇಲೆ ಗಾಡಿಯನ್ನು ದಾಟಿಸಬೇಕು. ಒಬ್ಬರೇ ಇದ್ದರೆ ನೀವೇ ಇಳಿಯಬೇಕು. ಯಾರೂ ಮಾಡುವುದಿಲ್ಲ ಅನ್ನುತ್ತೀರಾ? ನಿಜ. ನೀವು ಮಾಡಿ.

ಇನ್ನು ಕಲಿಕೆಗೆ ಗೇಟ್ ದಾಟುವುದಿದ್ದರೆ ಭಾನುವಾರ ಬೆಳಗ್ಗೆ ಬೇಗ ಹೋಗಿ. ಶಾಲೆ ಬಿಡುವ ಹೊತ್ತು, ಕಾರ್ಖಾನೆ ಶಿಫ್ಟ್ ಬದಲಾಗುವ ಹೊತ್ತು ಬೇಡ. ಪಕ್ಕದಲ್ಲಿ ಕಲಿಸುವವರು ಇರಲೇಬೇಕು. ಗೇಟ್ ಬಿದ್ದರೆ ಎಡಗಡೆ ಸಾಲಿನಲ್ಲೇ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಶೇಂಗಾ ಮಾರುವವರು ಬಂದರೆ ಒಂದು ಪೊಟ್ಟಣ ತಗೊಳ್ಳಿ, ನಮ್ಮ ಕಡೆ ಶೇಂಗಾ ಚೆನ್ನಾಗಿರುತ್ತದೆ.